ಕಿವಿ ಮುಚ್ಚಿಕೊಂಡ ಮಗಳು

ಆ ಬೆಂಚಿನ ಮೇಲೆ ಕೂರುವವರಿಗೆ ಹೆತ್ತವರು ಇಟ್ಟ ಹೆಸರು ಉಪಯೋಗಕ್ಕೆ ಬರುತ್ತಿರಲಿಲ್ಲ. ಕಿವಿ ಕೇಳದವರ ನಡುವೆ ಹೆಸರೆಂದರೆ ಕೈಯಲ್ಲಿ ಥಟ್ಟನೆ ಮಾಡಿ ತೋರಿಸುವಂತಿರಬೇಕು. ಒಂದೊಂದೇ ಅಕ್ಷರ ಬೆರಳಲ್ಲಿ ಕೂಡಿಸುತ್ತಾ ಕೂತರೆ ಕರೆಸಿಕೊಳ್ಳಬೇಕಾದವನು ಬಸ್ಸು ಹತ್ತಿ ಹೋಗಿರುತ್ತಾನೆ. ಹಾಗಾಗಿ ಕಣ್ಣಿಗೆ ಅಂಗೈ ಅಡ್ಡ ಹಿಡಿದರೆ ಬೆಸುಗೆಯವನು. ತುಟಿಯ ಮೂಲೆಗೆ ಎರಡು ಬೆರಳು ಮುಟ್ಟಿಸಿದರೆ ಗುಂಡುಪಿನ್ನು; ಬಟ್ಟೆ ಬಿಗಿ ಮಾಡಿಕೊಡುವ, ಸಡಿಲ ಮಾಡಿಕೊಡುವ ಅಂಗಡಿಯಲ್ಲಿ ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ನಲವತ್ತು ವರ್ಷ ಕಳೆದ ಮುದುಕಿ ಅವಳು. ಗುಂಡುಪಿನ್ನಿನ ಮಗಳಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ನಾಲ್ಕು ವರ್ಷದವಳಿದ್ದಾಗ ಯಾರಾದರೂ ಬಾಗಿಲು ಬಡಿದರೆ ಓಡಿಬಂದು ಅಮ್ಮನ ತೋಳು ಜಗ್ಗಿ ಯಾರು ಬಂದರೆಂದು ಹೇಳುತ್ತಿದ್ದಳು. ಅದಕ್ಕೇ ಅವಳಿಗೆ ‘ಬಾಗಿಲು’ ಎಂಬ ಹೆಸರು ಬಿದ್ದದ್ದು. ಈಗ ಅವಳಿಗೆ ನಲವತ್ತೆರಡು. ಹೆಸರು ಹಾಗೇ ಇದೆ, ಕೆಲಸವೂ ಅದೇ ಆಗಿದೆ. ಕಿವಿ ಕೇಳದವರಿಗೂ ಕೇಳುವವರಿಗೂ ನಡುವೆ ನಿಂತು ಮಾತು ದಾಟಿಸುವ ದುಭಾಷಿ ಅವಳು.

ದುಭಾಷಿಯ ಕೆಲಸಕ್ಕೆ ಎರಡೇ ಕಟ್ಟಳೆ. ಹೇಳಿದ್ದನ್ನು ಬಿಡಬಾರದು, ಹೇಳದ್ದನ್ನು ಸೇರಿಸಬಾರದು, ಇದು ಒಂದು. ಯಾರ ಮಾತು ದಾಟಿಸುತ್ತೀಯೋ ಅವರೇ ಆಗಿ ಹೇಳಬೇಕು, ಇದು ಎರಡು. ‘ಅವರಿಗೆ ಹೊಟ್ಟೆನೋವಂತೆ’ ಅನ್ನುವ ಹಾಗಿಲ್ಲ, ‘ನನಗೆ ಹೊಟ್ಟೆನೋವು’ ಅನ್ನಬೇಕು. ಹೀಗೆ ಇಪ್ಪತ್ತು ವರ್ಷದಲ್ಲಿ ಅವಳು ಆಸ್ಪತ್ರೆಯಲ್ಲಿ ನೂರಾರು ಸಲ ಬಸುರಿಯಾಗಿದ್ದಳು, ಕೋರ್ಟಿನಲ್ಲಿ ಕಳ್ಳಿಯಾಗಿದ್ದಳು, ಗಂಡ ಹೊಡೆಯುತ್ತಾನೆಂದು ದೂರು ಕೊಟ್ಟಿದ್ದಳು, ಮರುಗಳಿಗೆಯೇ ಆ ಗಂಡನಾಗಿ ಎಲ್ಲಾ ಸುಳ್ಳು ಅಂದಿದ್ದಳು. ತನ್ನ ಸ್ವಂತಕ್ಕೆ ‘ನಾನು’ ಅಂದದ್ದು ಬಹಳ ಕಡಿಮೆ.

ಮೊದಲ ಕಟ್ಟಳೆಯನ್ನು ಅವಳಿಗೆ ಯಾವ ತರಬೇತಿಯೂ ಕಲಿಸಲಿಲ್ಲ, ಅಮ್ಮ ಕಲಿಸಿದಳು. ಒಂಬತ್ತು ವರ್ಷದವಳಿದ್ದಾಗ ಶಾಲೆಗೆ ಅಮ್ಮನನ್ನು ಕರೆಸಿದ್ದರು. ನಿಮ್ಮಮ್ಮನಿಗೆ ಹೇಳಿ ಏನು ಬಂತು, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ಟೀಚರು ನಕ್ಕರು. ಹುಡುಗಿ ಅಮ್ಮನ ಕಡೆ ತಿರುಗಿ, ನಾನು ಚೆನ್ನಾಗಿ ಓದುತ್ತೀನಂತೆ ಎಂದು ಕೈಯಲ್ಲಿ ಹೇಳಿದಳು. ಅಮ್ಮ ಟೀಚರ ಮುಖ ನೋಡಿದಳು, ಆಮೇಲೆ ಮಗಳ ಮುಖ ನೋಡಿದಳು. ಹೊಗಳುವವರ ಮುಖ ಹಾಗಿರುವುದಿಲ್ಲ ಎಂದು ತಿಳಿಯಲು ಕಿವಿ ಏನೂ ಬೇಕಾಗಿಲ್ಲವಲ್ಲ. ವಾಪಸು ಬರುವಾಗ ದಾರಿಯಲ್ಲಿ ನಿಲ್ಲಿಸಿ, ಬಟ್ಟೆ ಒದರಿದಂತೆ ಕೈ ಬೀಸಿ ಬೀಸಿ ಹೇಳಿದಳು.

“ಬೈಗುಳ ಬಂದ್ರೆ ಅದು ನನಗೆ ಬಂದಿದ್ದು. ಮಧ್ಯದಲ್ಲಿ ನೀನ್ಯಾಕೆ ನುಂಗ್ತೀಯ? ನಂದು ನನಗೆ ಕೊಡು.”

ಇಂಥ ಮಗಳು ಒಬ್ಬ ಗುರುವಿನ ಸಭೆಗೆ ಬಂದು ಸೇರಿದ್ದು ಮೂರು ವರ್ಷದ ಹಿಂದೆ. ಅದಕ್ಕೂ ಮುಂಚೆ ಆಸ್ಪತ್ರೆಯಲ್ಲಿ ಒಂದು ಬೆಳಗ್ಗೆ, ಕಿವಿ ಕೇಳದ ಗಂಡಹೆಂಡಿರಿಗೆ ಅವರ ಮೂರು ದಿನದ ಕೂಸು ಉಳಿಯಲಿಲ್ಲವೆಂದು ತಿಳಿಸಬೇಕಾಗಿ ಬಂತು. ಡಾಕ್ಟರು ಎರಡು ವಾಕ್ಯ ಆಡಿ ಹೊರಟುಹೋದರು. ಆ ತಾಯಿಯ ಕಣ್ಣಿಗೆ ಹಾಗೆಂದದ್ದು ಬಾಗಿಲಿನ ಕೈಗಳೇ. ಅವಳು ಆ ಕೈಗಳನ್ನೇ ಹಿಡಿದು ಹಿಡಿದು ಹೊಡೆದಳು. ಅವತ್ತಿನಿಂದ ಬಾಗಿಲಿಗೆ ಕೈನಡುಕ ಶುರುವಾಯಿತು. ಚಮಚ ನಿಲ್ಲುತ್ತಿರಲಿಲ್ಲ, ಅಂಗಿಯ ಗುಂಡಿ ಸಿಗುತ್ತಿರಲಿಲ್ಲ. ದುಭಾಷಿಗೆ ಕೈ ನಡುಗುವುದೆಂದರೆ ಹಾಡುವವರಿಗೆ ಗಂಟಲು ಕಟ್ಟಿದಂತೆ. ಯಾರೋ ಹೇಳಿದರೆಂದು ಹಳೆಯ ಸಿನಿಮಾ ಮಂದಿರಕ್ಕೆ ಹೋಗಿ ಕೊನೆಯ ಸಾಲಿನಲ್ಲಿ ಕೂತಳು.

ಸಿನಿಮಾ ನಿಂತು ಎಷ್ಟೋ ಕಾಲವಾಗಿ, ಆ ಕಟ್ಟಡದಲ್ಲಿ ಭಾನುವಾರ ಬೆಳಗ್ಗೆ ಸಾಧಕರ ಸಭೆ ನಡೆಯುತ್ತಿತ್ತು. ನಡೆಸುವವರನ್ನು ಎಲ್ಲರೂ ದೊಡ್ಡವರು ಅನ್ನುತ್ತಿದ್ದರು, ಆಳು ಕುಳ್ಳಗಿದ್ದರೂ. ಮಾತು ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯ. ಅವರ ಮುಂದೆ ಅಂಗೈಯಗಲದ ಒಂದು ಗಂಟೆ ಇರುತ್ತಿತ್ತು. ಅದು ಒಂದು ಸಲ ಬಾರಿಸಿತೆಂದರೆ ಮುನ್ನೂರು ಜನವೂ ತಲೆ ತಗ್ಗಿಸಿ ಕಣ್ಣು ಮುಚ್ಚಬೇಕು. ಎರಡನೆಯ ಸಲ ಬಾರಿಸುವವರೆಗೆ ಯಾರೂ ಕಣ್ಣು ತೆರೆಯುವಂತಿಲ್ಲ, ಬಾಯಿ ಬಿಡುವಂತಿಲ್ಲ. ಹತ್ತು ನಿಮಿಷದ ಮೌನ. ಮೊದಲ ದಿನ ದೊಡ್ಡವರು ಸಾಲುಗಳ ನಡುವೆ ನಡೆದು ಬಂದು, ನಡುಗುವ ಕೈ ನೋಡಿ, ಹೊತ್ತಿದ್ದು ಸಾಕಮ್ಮ, ಇಳಿಸು ಅಂದಿದ್ದರು. ನಾಲ್ಕು ಭಾನುವಾರ ಕಳೆಯುವುದರಲ್ಲಿ ನಡುಕ ನಿಂತಿತು. ಅವಳು ಅದನ್ನು ಯಾವತ್ತೂ ಮರೆಯಲಿಲ್ಲ. ಅವರೆಂದರೆ ಅವಳಿಗೆ ಜೀವ.

ತನಗೆ ಸಿಕ್ಕಿದ್ದು ತನ್ನವರಿಗೂ ಸಿಗಲಿ ಎಂದು ಒಂದು ವರ್ಷ ಕಳೆದ ಮೇಲೆ ಅವಳೇ ಕೇಳಿ, ವೇದಿಕೆಯ ಮುಂದೆ ಒಂದು ಮರದ ಬೆಂಚು ಹಾಕಿಸಿದ್ದಳು. ಕಿವಿ ಕೇಳದ ಎಂಟು ಮಂದಿ ಬರತೊಡಗಿದರು. ಅವಳು ಪಕ್ಕದಲ್ಲಿ ನಿಂತು ಉಪದೇಶವನ್ನೆಲ್ಲಾ ಕೈಗಿಳಿಸುತ್ತಿದ್ದಳು. ಗುಂಡುಪಿನ್ನು ಬರುತ್ತಿದ್ದದ್ದು ಮೋಕ್ಷಕ್ಕಲ್ಲ. ವಾರಕ್ಕೊಮ್ಮೆ ತನ್ನ ಮಾತಿನವರು ಏಳು ಜನ ಒಟ್ಟಿಗೆ ಸಿಗುತ್ತಾರೆ, ಬೆಂಚೂ ಗಟ್ಟಿಯಾಗಿದೆ ಎನ್ನುತ್ತಿದ್ದಳು. ಗಂಟೆ ಬಾರಿಸಿದಾಗ ಮಾತ್ರ ಬೆಂಚಿನವರು ಕಣ್ಣು ಮುಚ್ಚುತ್ತಿರಲಿಲ್ಲ. ಕಣ್ಣೂ ಮುಚ್ಚಿದರೆ ಅವರಿಗೆ ಲೋಕವೇ ಆರಿಹೋದ ಹಾಗೆ. ಬಾಗಿಲು ಮಾತ್ರ ಮುಚ್ಚುತ್ತಿದ್ದಳು. ಮೌನಕ್ಕೆ ದುಭಾಷಿ ಬೇಡ. ಇಡೀ ವಾರದಲ್ಲಿ ಯಾರ ಬಾಯಿಯೂ ಆಗದೆ ಇರಲು ಅವಳಿಗೆ ಸಿಗುತ್ತಿದ್ದದ್ದು ಆ ಹತ್ತು ನಿಮಿಷವೇ.

ದೊಡ್ಡವರಿಗೂ ಬೆಂಚಿನವರು ಒಂದು ಹೆಸರಿಟ್ಟಿದ್ದರು. ಎಡ ಮಣಿಕಟ್ಟನ್ನು ಎರಡು ಸಲ ತಟ್ಟಿದರೆ ಅವರೇ: ಗಡಿಯಾರ. ಹೊತ್ತಿಗೆ ಸರಿಯಾಗಿ ಶುರುಮಾಡುತ್ತಾರಲ್ಲ, ಅದಕ್ಕಿರಬೇಕೆಂದು ಮಗಳು ಅಂದುಕೊಂಡಿದ್ದಳು. ಒಮ್ಮೆ ಅಮ್ಮನನ್ನು ಕೇಳಿದ್ದಕ್ಕೆ, ನೀನು ನೋಡಿದ ದಿನ ಗೊತ್ತಾಗುತ್ತದೆ ಎಂದು ಹೇಳಿ ನಕ್ಕಿದ್ದಳು ಮುದುಕಿ.

ಆ ತಿಂಗಳು ದೊಡ್ಡವರು ‘ದೇವರಿಗೆ ಎದುರು ನಿಂತವರು’ ಎಂಬ ಉಪದೇಶಮಾಲೆ ಶುರುಮಾಡಿದ್ದರು. ಮೊದಲ ವಾರ ಆಕಾಶಕ್ಕೆ ಏಣಿ ಹಾಕಿದವನ ಕಥೆ. ಏಣಿ ಮುರಿದು ಬಿದ್ದ. ಎರಡನೆಯ ವಾರ ದೇವರ ಒಲೆಯಿಂದ ಬೆಳಕು ಕದ್ದವಳ ಕಥೆ. ಅವಳ ಕಣ್ಣೇ ಸುಟ್ಟುಹೋಯಿತು. ಹಳೆಯ ಕಾಲದ ಯಾವ ದಂಗೆಕೋರನೂ ದೊಡ್ಡವರ ಕೈಯಲ್ಲಿ ಸಿಕ್ಕಿ ಬದುಕಿ ಉಳಿದದ್ದಿಲ್ಲ. ಪ್ರತಿ ಕಥೆಯ ಕೊನೆಗೂ ಅದೇ ನೀತಿ: ಆ ದಂಗೆಕೋರ ನಮ್ಮೊಳಗಿನ ಅಹಂಕಾರ, ಸಾಧಕರಾದವರು ಅದನ್ನು ಬಗ್ಗಿಸಬೇಕು. ಕೆಲಸ ಕಳೆದುಕೊಂಡವರು, ಸಂಸಾರ ಒಡೆದವರು, ಎಲ್ಲಾ ಇದ್ದೂ ಯಾಕೋ ನಿದ್ದೆ ಬಾರದವರು, ಎಲ್ಲರೂ ಪುಸ್ತಕದಲ್ಲಿ ಗುರುತು ಹಾಕಿಕೊಂಡು ಹೋಗುತ್ತಿದ್ದರು.

ದುಭಾಷಿಗೆ ಮುಂಚಿತವಾಗಿ ಓದಿಕೊಳ್ಳಲೆಂದು ಶನಿವಾರ ಮಧ್ಯಾಹ್ನವೇ ಸಭೆಯ ಮೇಲ್ವಿಚಾರಕಿ ಉಪದೇಶದ ಟಿಪ್ಪಣಿ ಕೊಡುತ್ತಿದ್ದಳು. ಮೂರನೆಯ ವಾರದ ಹಾಳೆಯನ್ನು ಬಾಗಿಲು ಎರಡೆರಡು ಸಲ ಓದಿದಳು. ಈ ಸಲದ ಕಥೆ ಕಿವಿ ಮುಚ್ಚಿಕೊಂಡ ಮಗಳದು. ದೇವರು ತನ್ನ ಏಳು ಹೆಣ್ಣುಮಕ್ಕಳನ್ನು ಕರೆದು ಒಬ್ಬೊಬ್ಬಳಿಗೂ ಒಂದೊಂದು ಆಜ್ಞೆ ಮಾಡುತ್ತಾನೆ. ಆರು ಜನ ಕೇಳಿ, ತಲೆಬಾಗಿ, ‘ಆಗಲಿ’ ಅನ್ನುತ್ತಾರೆ. ಏಳನೆಯವಳು ದೇವರು ಬಾಯಿ ತೆರೆಯುವ ಮೊದಲೇ ಎರಡೂ ಕಿವಿ ಮುಚ್ಚಿಕೊಳ್ಳುತ್ತಾಳೆ. ಕೇಳಲಾರೆಯಾ, ಹಾಗಾದರೆ ಇನ್ನೆಂದೂ ಕೇಳಬೇಡ ಎಂದು ದೇವರು ಶಪಿಸುತ್ತಾನೆ. ಭೂಮಿಯ ಮೇಲಿನ ಕಿವುಡರೆಲ್ಲಾ ಅವಳ ವಂಶದವರು.

ಅವಳು ಹಾಳೆ ಹಿಡಿದುಕೊಂಡು ಸೀದಾ ಮೇಲೆ ಹೋದಳು. ಹಿಂದೆ ಸಿನಿಮಾ ಯಂತ್ರ ಇಟ್ಟಿದ್ದ ಸಣ್ಣ ಕೋಣೆಯೇ ದೊಡ್ಡವರ ಕೋಣೆ. ಗೋಡೆಯಲ್ಲಿ ಬೆಳಕು ಬಿಡಲು ಕೊರೆದ ಚೌಕದ ಕಿಂಡಿ ಇನ್ನೂ ಇತ್ತು. ಅದರಿಂದ ನೋಡಿದರೆ ಕೆಳಗಿನ ಖಾಲಿ ಸಾಲುಗಳೆಲ್ಲಾ ಕಾಣುತ್ತಿದ್ದವು. ಅವರು ಬಿಸಿನೀರು ಕುಡಿಯುತ್ತಾ ಸಮಾಧಾನದಿಂದ ಕೇಳಿಸಿಕೊಂಡರು. ಇದು ಬೈಗುಳವಲ್ಲ, ರೂಪಕ ಎಂದರು. ಮುನ್ನೂರು ಜನರಿಗೆ ದಾರಿ ತೋರಿಸುವ ಕಥೆಯನ್ನು ಎಂಟು ಜನರಿಗಾಗಿ ಬಿಡಲು ಬರುತ್ತದೆಯೇ ಎಂದರು. ಅವಳು ಮತ್ತೆ ಕೇಳಿದಾಗ, ತೊಟ್ಟಿಲ ಮಗುವಿಗೆ ಹೇಳಿದ ಹಾಗೆ ಮೆತ್ತಗೆ ನಕ್ಕರು.

“ನೀನೇ ಅಲ್ಲೊಂಚೂರು ಬದಲಾಯಿಸ್ಕೋಮ್ಮ. ಕೈ ಹೇಗೋ ಆಡಿಸಿದ್ರೆ ಆಯ್ತು. ಅವರಿಗೇನು ಗೊತ್ತಾಗುತ್ತೆ?”

ಕಿವಿ ಕೇಳದವರ ಕಿವಿಗೂ ಹೂವಿಡಬಹುದೆಂದು ಅವಳಿಗೆ ಇಷ್ಟು ನಯವಾಗಿ ಯಾರೂ ಹೇಳಿಕೊಟ್ಟಿರಲಿಲ್ಲ. ತಿರುಗಿ ಏನಾದರೂ ಅನ್ನಬೇಕಿತ್ತು. ತಲೆಯಾಡಿಸಿ ಇಳಿದು ಬಂದಳು. ಮೆಟ್ಟಿಲಿನ ಮೇಲೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಇದ್ದದ್ದನ್ನು ಇದ್ದಂತೆ ಹೇಳಿದರೆ ಗುರುವನ್ನು ಕಳೆದುಕೊಳ್ಳುತ್ತಾಳೆ, ಆ ಹತ್ತು ನಿಮಿಷವನ್ನೂ ಕಳೆದುಕೊಳ್ಳುತ್ತಾಳೆ. ಬದಲಾಯಿಸಿ ಹೇಳಿದರೆ ಅಮ್ಮನಿಗೆ ಎರಡನೆಯ ಸಲ ಮೋಸ ಮಾಡಿದಂತೆ. ಅತ್ತ ದರಿ, ಇತ್ತ ಪುಲಿ. ಕೊನೆಗೆ ಮನೆಗೆ ಹೋಗುವ ಬಸ್ಸಿನಲ್ಲಿ ಒಂದು ಉಪಾಯ ಹೊಳೆಯಿತು: ಏಳನೆಯ ಮಗಳು ಶಾಪದಿಂದ ಗಾಳಿಯಾದಳು ಎಂದುಬಿಡುವುದು. ಯಾರಿಗೂ ನೋವಿಲ್ಲ, ಕಥೆಯೂ ಮುಗಿಯುತ್ತದೆ. ಕಿಟಕಿಯ ಪಕ್ಕ ಕೂತು, ತೊಡೆಯ ಮೇಲೆ ಸಣ್ಣಗೆ ಕೈಯಾಡಿಸಿ ಅಭ್ಯಾಸವನ್ನೂ ಮಾಡಿಕೊಂಡಳು.

ಭಾನುವಾರ ಸಭೆ ತುಂಬಿತ್ತು. ಬೆಂಚಿನಲ್ಲಿ ಗುಂಡುಪಿನ್ನು ಮಧ್ಯದಲ್ಲಿ, ಅವಳ ಪಕ್ಕ ಬೆಸುಗೆಯವನು, ಅತ್ತಿತ್ತ ಉಳಿದವರು. ದೊಡ್ಡವರು ಅವತ್ತು ಒಳ್ಳೆಯ ಹುರುಪಿನಲ್ಲಿದ್ದರು. ಮೊದಲ ಮಗಳಿಗೆ ಹರಿ ಎಂದ, ಅವಳು ನದಿಯಾದಳು. ಎರಡನೆಯವಳಿಗೆ ನಿಲ್ಲು ಎಂದ, ಅವಳು ಬೆಟ್ಟವಾದಳು. ಹೀಗೆ ಆರು ಜನ ಆರು ಸಲ ತಲೆಬಾಗಿ ‘ಆಗಲಿ’ ಅಂದರು. ಬಾಗಿಲಿನ ಕೈ ನೀರು ಹರಿದಂತೆ ಹರಿಯುತ್ತಿತ್ತು. ಏಳನೆಯ ಮಗಳು ಬಂದಳು, ಕಿವಿ ಮುಚ್ಚಿಕೊಂಡಳು, ಶಾಪವೂ ಆಯಿತು. ಆಗ ದೊಡ್ಡವರು ಹಾಳೆಯಲ್ಲಿ ಇಲ್ಲದ ಒಂದು ಮಾತು ಸೇರಿಸಿದರು. ಬೆಂಚಿನ ಕಡೆಗೆ ಕೈ ತೋರಿಸಿ, ಅವಳ ವಂಶದವರು ಕೆಲವರು ಇಲ್ಲೇ ಕೂತಿದ್ದಾರೆ, ಪಾಪ, ಇವರ ತಪ್ಪೇನಿಲ್ಲ, ಅಜ್ಜಿ ಮಾಡಿದ್ದು ಮೊಮ್ಮಕ್ಕಳಿಗೆ ಎಂದರು. ಮುನ್ನೂರು ಜನರೂ ಬೆಂಚಿನ ಕಡೆ ನೋಡಿ ಚ್ಚುಚ್ಚು ಎಂದರು.

ಬಾಗಿಲಿನ ಕೈ ಗಾಳಿಯ ಸನ್ನೆಗೆ ಎದ್ದೇಬಿಟ್ಟಿತ್ತು. ಅಷ್ಟರಲ್ಲಿ ಅಮ್ಮ ದೊಡ್ಡವರ ಮುಖ ನೋಡಿದಳು, ಆಮೇಲೆ ಮಗಳ ಮುಖ ನೋಡಿದಳು. ಮೂವತ್ತಮೂರು ವರ್ಷದ ಹಿಂದೆ ಶಾಲೆಯಲ್ಲಿ ನೋಡಿದ ಹಾಗೆಯೇ, ಅದೇ ಕಣ್ಣು. ಕೈ ಗಾಳಿಯಲ್ಲೇ ನಿಂತಿತು. ನಂದು ನನಗೆ ಕೊಡು ಅಂದಿದ್ದಳಲ್ಲ, ಬಾಗಿಲು ಕೊಟ್ಟಳು. ಶಾಪವನ್ನು ಕೊಟ್ಟಳು, ವಂಶವನ್ನು ಕೊಟ್ಟಳು, ಅಜ್ಜಿಯನ್ನು ಕೊಟ್ಟಳು, ‘ಪಾಪ’ ಅಂದದ್ದನ್ನೂ ಬಿಡದೆ ಕೊಟ್ಟಳು. ಹಿಂದಿನಿಂದ ಚ್ಚುಚ್ಚು ಸದ್ದು ಬಂತೆಂಬುದನ್ನೂ ಹೇಳಿದಳು.

ಬೆಂಚಿನ ಮೇಲೆ ಎಂಟು ಮುಖ ಕಲ್ಲಾದವು. ಬೆಸುಗೆಯವನು ಎದ್ದು ಹೊರಡಲು ನೋಡಿದ. ಗುಂಡುಪಿನ್ನು ಅವನ ತೋಳು ಹಿಡಿದು ಕೂರಿಸಿದಳು.

“ಕೂತ್ಕೋ,” ಎಂದಿತು ಅವಳ ಕೈ. “ನಮ್ಮ ಸರದಿ ಇನ್ನೂ ಬಂದಿಲ್ಲ.”

ಉಪದೇಶ ಮುಗಿದ ಮೇಲೆ ಪ್ರಶ್ನೆ ಕೇಳುವ ಹೊತ್ತು. ವೇದಿಕೆಯ ಕೆಳಗೆ ಒಂದು ಮೈಕು ನಿಲ್ಲಿಸುತ್ತಿದ್ದರು, ಬೇಕಾದವರು ಎದ್ದು ಬಂದು ಕೇಳಬಹುದು. ಎರಡು ವರ್ಷದಲ್ಲಿ ಬೆಂಚಿನಿಂದ ಯಾರೂ ಎದ್ದಿರಲಿಲ್ಲ. ಅದನ್ನು ದೊಡ್ಡವರು ಒಪ್ಪಿಗೆ ಅಂದುಕೊಂಡಿದ್ದರು. ಬೆಂಚಿನವರಿಗೆ ಮಾತಿದೆ ಎಂಬುದು ಅವರ ತಲೆಗೆ ಹೊಳೆದಂತಿರಲಿಲ್ಲ. ಅವತ್ತು ಗುಂಡುಪಿನ್ನು ಎದ್ದಳು. ನೇರ ಹೋಗಿ, ಕೈಯಾಡಿಸಲು ಅಡ್ಡವಾಗುತ್ತದೆಂದು ಮೈಕನ್ನು ಪಕ್ಕಕ್ಕೆ ಸರಿಸಿದಳು. ಮಗಳು ಹೋಗಿ ಆ ಮೈಕಿನ ಮುಂದೆ ನಿಂತಳು. ಅಮ್ಮನ ಕೈ ಏನು ಹೇಳಿದರೆ ಅದು ಅವಳ ಬಾಯಲ್ಲಿ ಬರಬೇಕು, ಅಮ್ಮನೇ ಆಗಿ ಬರಬೇಕು.

“ನಾನು ಅವಳ ವಂಶದವಳು ಅಂತ ನೀವೇ ಹೇಳಿದ್ರಿ,” ಎಂದಿತು ಮಗಳ ಬಾಯಿ. “ಅಂದ್ಮೇಲೆ ಇದು ನಮ್ಮನೆ ಕಥೆ. ನಮ್ಮನೆ ಕಥೇಲಿ ಒಂದು ಚೂರು ನಿಮಗೆ ಬಿಟ್ಟುಹೋಗಿದೆ. ಹೇಳಿ ಹೋಗೋಣ ಅಂತ ಬಂದೆ.”

ಸಭೆ ನಕ್ಕಿತು. ದೊಡ್ಡವರೂ ನಕ್ಕು, ಹೇಳಲಿ ಹೇಳಲಿ ಎಂದು ಕೈಯಾಡಿಸಿದರು.

“ಆರು ಜನಕ್ಕೆ ದೇವರು ಏನೇನು ಹೇಳಿದ ಅಂತ ಹೇಳಿದ್ರಿ. ಏಳನೆಯವಳಿಗೆ ಏನು ಹೇಳೋಕೆ ಹೊರಟಿದ್ದ? ಅದನ್ನ ನೀವೂ ಹೇಳಲಿಲ್ಲ, ಇಲ್ಲಿ ಯಾರೂ ಕೇಳಲೂ ಇಲ್ಲ. ಇಷ್ಟೊಂದು ಕಿವಿ ಇದ್ದೂ.”

ನಗು ಕಡಿಮೆಯಾಯಿತು. ಮುದುಕಿ ಮುಂದುವರಿಸಿದಳು. ಏಳು ಮಕ್ಕಳೂ ಒಂದೇ ಮನೆಯವರು. ಆರು ಜನ ಅಕ್ಕಂದಿರಿಗೆ ಏನಾಯಿತೆಂದು ಕಿರಿಯವಳು ಕಣ್ಣಾರೆ ನೋಡಿದ್ದಳು. ನಿಲ್ಲು ಎಂದರೆ ನಿಂತು ಬೆಟ್ಟವಾದವಳು ಮತ್ತೆ ಮನೆಗೆ ಬರಲಿಲ್ಲ. ಹರಿ ಎಂದರೆ ಹರಿದವಳು ಹಿಂದಿರುಗಿ ನೋಡಲಿಲ್ಲ. ‘ಆಗಲಿ’ ಅಂದವರಾರೂ ತಿರುಗಿ ಒಂದು ಮಾತೂ ಆಡಲಿಲ್ಲ. ಅದಕ್ಕೆ ಕಿರಿಯವಳು ಕಿವಿ ಮುಚ್ಚಿಕೊಂಡಳು. ಸೊಕ್ಕಿನಿಂದಲ್ಲ, ತಾನು ತಾನಾಗಿ ಉಳಿಯಬೇಕೆಂದು.

ಇಷ್ಟಾಗುವಾಗ ಮೈಕು ಸತ್ತಿತು. ಪಕ್ಕದ ಮೇಜಿನ ಮೇಲೆ ಮೇಲ್ವಿಚಾರಕಿಯ ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು. ಬಾಗಿಲು ಒಂದು ಗಳಿಗೆ ತಡವರಿಸಿದಳು. ಆದರೆ ಅದು ಸಿನಿಮಾ ಮಂದಿರ, ಮೆಲ್ಲಗೆ ಕೆಮ್ಮಿದರೂ ಕೊನೆಯ ಸಾಲಿಗೆ ಕೇಳುತ್ತಿತ್ತು. ಮೈಕು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದು ನಿಂತಳು. ದೊಡ್ಡವರ ಮುಖದಲ್ಲಿ ಈಗ ನಗು ಇರಲಿಲ್ಲ. ಅವರು ಕೇಳಿದ್ದು ಮಗಳನ್ನು.

“ಸಾಕು ನಿಲ್ಲಿಸಮ್ಮ. ಇದನ್ನೆಲ್ಲಾ ಹೇಳ್ತಿರೋದು ಅವರಾ, ನೀನಾ?”

ಪ್ರಶ್ನೆ ಬಂದದ್ದು ಅವಳಿಗೆ. ಆದರೂ ಕಟ್ಟಳೆ ಕಟ್ಟಳೆಯೇ. ಆ ಪ್ರಶ್ನೆಯನ್ನೂ ಅಮ್ಮನಿಗೆ ದಾಟಿಸಿದಳು. ಅಮ್ಮನ ಕೈ ಚಕಚಕನೆ ಉತ್ತರ ಕೊಟ್ಟಿತು.

“ಹೇಳ್ತಿರೋದು ನಾನು. ನನ್ನ ಕೇಳೋದಾದ್ರೆ ನನ್ನ ಮುಖ ನೋಡಿ ಕೇಳಿ. ಎರಡು ವರ್ಷದಿಂದ ನೀವು ಈ ಬೆಂಚಲ್ಲಿ ಯಾರ ಮುಖಾನೂ ನೋಡಿಲ್ಲ.”

ದೊಡ್ಡವರು ನೋಡಲಿಲ್ಲ. ಕೈ ಚಾಚಿ ಗಂಟೆ ಬಾರಿಸಿದರು.

ಮುನ್ನೂರು ತಲೆ ಒಮ್ಮೆಗೇ ಬಗ್ಗಿದವು, ಮುನ್ನೂರು ಜೊತೆ ಕಣ್ಣು ಮುಚ್ಚಿದವು. ಅಭ್ಯಾಸಬಲ ಎಂಬುದು ಕೆಟ್ಟದ್ದು. ಬಾಗಿಲಿನ ಕತ್ತೂ ಅರ್ಧ ಬಗ್ಗಿಬಿಟ್ಟಿತ್ತು, ರೆಪ್ಪೆ ಇಳಿಯುತ್ತಿತ್ತು. ಆದರೆ ಅಮ್ಮನ ಕೈ ಇನ್ನೂ ಆಡುತ್ತಿತ್ತು. ಗಂಟೆ ಅಮ್ಮನಿಗೆ ಕೇಳಿಸಿದರೆ ತಾನೆ ನಿಲ್ಲಿಸುವುದು? ಕೈ ನೋಡಬೇಕಾದರೆ ಕಣ್ಣು ಬಿಡಲೇಬೇಕು. ಮಗಳು ತಲೆ ಎತ್ತಿದಳು. ಮೂರು ವರ್ಷದಲ್ಲಿ ಮೊದಲ ಸಲ, ಮೊದಲ ಗಂಟೆಗೂ ಎರಡನೆಯ ಗಂಟೆಗೂ ನಡುವೆ ಆ ಸಭೆ ಹೇಗಿರುತ್ತದೆಂದು ನೋಡಿದಳು.

ದೊಡ್ಡವರು ಕಣ್ಣು ಮುಚ್ಚಿರಲಿಲ್ಲ. ಬಗ್ಗಿದ ತಲೆಗಳ ಮೇಲೆ ಸಾಲು ಸಾಲಾಗಿ ಕಣ್ಣಾಡಿಸಿ, ಅಂಗಿಯ ಎಡ ತೋಳನ್ನು ಸ್ವಲ್ಪ ಸರಿಸಿ, ಕೈಗಡಿಯಾರ ನೋಡಿಕೊಂಡರು. ಕೈ ಸಲೀಸಾಗಿ ಹೋಯಿತು, ಪ್ರತಿ ವಾರ ಹೋಗುವ ಕೈ. ಬೆಂಚಿನ ಎಂಟೂ ಜನ ಅದನ್ನು ಎರಡು ವರ್ಷದಿಂದ ನೋಡುತ್ತಲೇ ಬಂದಿದ್ದರು.

ಅವಳಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ತನ್ನ ಕೈ ನಡುಕ ನಿಂತದ್ದು ಸುಳ್ಳಲ್ಲ. ಆದರೆ ನಿಲ್ಲಿಸಿಕೊಂಡವಳು ತಾನು, ಆ ಹತ್ತು ನಿಮಿಷ ಕೂತವಳು ತಾನು. ಇವರು ಹೊತ್ತು ನೋಡುತ್ತಿದ್ದರು, ಅಷ್ಟೆ. ಮತ್ತೆ, ಈಗ ಅವರು ಎಂಥ ಎಡವಟ್ಟು ಮಾಡಿದ್ದಾರೆಂದೂ ಅವಳಿಗೆ ಹೊಳೆಯಿತು. ಕಿವಿ ಕೇಳದವಳ ಬಾಯಿ ಮುಚ್ಚಿಸಲು ಗಂಟೆ ಬಾರಿಸಿದ್ದರು. ಮುಚ್ಚಿದ್ದು ಉಳಿದವರ ಕಣ್ಣು. ಕಣ್ಣಿಗೆ ರೆಪ್ಪೆ ಇದೆ, ಕಿವಿಗಿಲ್ಲ. ಮುನ್ನೂರು ಜನ ಕತ್ತಲಲ್ಲಿ, ಕಿವಿ ತೆರೆದುಕೊಂಡು, ಬಾಯಿ ಮುಚ್ಚಿಕೊಂಡು ಕೂತಿದ್ದರು. ಇಂಥ ಕೇಳುಗರು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಆ ಮೌನವನ್ನು ಇಷ್ಟು ವರ್ಷದಲ್ಲಿ ಯಾರೂ ಮುರಿದಿರಲಿಲ್ಲ. ಅವಳು ಎದೆ ತುಂಬ ಉಸಿರೆಳೆದುಕೊಂಡು ಮುರಿದಳು.

“ನೀವೀಗ ತಲೆ ಬಗ್ಗಿಸಿ ಕೂತಿದೀರಲ್ಲ, ಆ ಆರು ಜನ ಅಕ್ಕಂದಿರೂ ಹೀಗೇ ನಿಂತಿದ್ರು. ಕೇಳೋಕೆ ಕಿವಿ ಇತ್ತು, ನೋಡೋದು ಯಾಕೆ ಅಂತ ನೆಲ ನೋಡ್ಕೊಂಡು ಆಗಲಿ ಅಂದ್ರು. ನಮ್ಮಜ್ಜಿ ಕಿವಿ ಮುಚ್ಕೊಂಡ್ಲು. ಮುಚ್ಕೊಂಡ್ಮೇಲೆ ಎದುರಿಗಿರೋನು ಏನು ಅಂತಿದಾನೆ ಅಂತ ತಿಳೀಬೇಕಾದ್ರೆ ತಲೆ ಎತ್ತಲೇಬೇಕಲ್ಲ? ಎತ್ತಿದ್ಲು. ಏಳು ಜನರಲ್ಲಿ ದೇವರ ಮುಖ ನೋಡಿದೋಳು ಅವಳೊಬ್ಬಳೇ.”

ಯಾರೋ ಕುರ್ಚಿಯಲ್ಲಿ ಮಿಸುಕಿದ ಸದ್ದಾಯಿತು. ಮೇಲ್ವಿಚಾರಕಿ ಶ್ಶ್ ಎಂದಳು. ಆಗ ಎಂಟನೆಯ ಸಾಲಿನಿಂದ ಒಂದು ದನಿ ಬಂತು. ಒಂದು ವಾರವೂ ತಪ್ಪಿಸದ, ಹೆಂಡತಿ ತೀರಿಕೊಂಡ ಮೇಲೆ ಬರಲು ಶುರುಮಾಡಿದ್ದ, ನಿವೃತ್ತ ಅಂಚೆಯವರದು. ಕಣ್ಣು ಮುಚ್ಚಿಕೊಂಡೇ ಕೇಳಿದರು.

“ಹೇಗಿತ್ತಮ್ಮಾ, ಮುಖ?”

ಬಾಗಿಲು ಅದನ್ನು ಅಮ್ಮನಿಗೆ ದಾಟಿಸಿದಳು. ಅಳತೆ ತೆಗೆದುಕೊಳ್ಳುವಾಗ ಗಿರಾಕಿಯನ್ನು ನೋಡುವಂತೆ ಅಮ್ಮ ಆ ವೃದ್ಧರನ್ನು ನೋಡಿದಳು. ಆಮೇಲೆ ಕೈ ನಿಧಾನವಾಯಿತು, ಮಗಳ ದನಿಯೂ ನಿಧಾನವಾಯಿತು.

“ಆರು ಸಲ ಆಗಲಿ ಅನ್ನಿಸಿಕೊಂಡು ಬೇಸತ್ತೋನ ಮುಖ. ಒಬ್ಬರಾದ್ರೂ ತಲೆ ಎತ್ತಿ ನೋಡಲ್ಲವಲ್ಲ ಅಂತ ಕಾದು ಕಾದು ಕೂತೋನ ಮುಖ. ಶಾಪ ಗೀಪ ಏನೂ ಇಲ್ಲ. ಅದು ಆಮೇಲೆ ಅಕ್ಕಂದಿರ ಮಕ್ಕಳು ಕಟ್ಟಿದ್ದು. ಅವಳು ನೋಡ್ತಿದ್ದ ಹಾಗೆ ಅವನಿಗೆ ಹೇಳಬೇಕಂತಿದ್ದ ಆಜ್ಞೆ ಮರೆತೇಹೋಯ್ತು. ಕೈ ಎತ್ತಿ, ಬಾ ಅಂದ. ಕೈಯಲ್ಲಿ. ನಮಗೆ ಈ ಮಾತು ಬಂದಿದ್ದು ಅಲ್ಲಿಂದ. ನಿಮಗೂ ದೇವರನ್ನ ನೋಡಬೇಕು ಅಂತಿದ್ರೆ, ಮೊದಲು ಕಣ್ಣು ಬಿಡಿ.”

ಮೇಲ್ವಿಚಾರಕಿಗೆ ಇನ್ನು ಸಹಿಸಲಾಗಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದವಳು ಎರಡೂ ಅಂಗೈ ಎತ್ತಿ ಕಿವಿಯನ್ನೂ ಬಿಗಿಯಾಗಿ ಮುಚ್ಚಿಕೊಂಡಳು.

ಗುಂಡುಪಿನ್ನು ಅದನ್ನು ನೋಡಿದಳು. ನೋಡಿ ನಕ್ಕಳು. ಕಿವಿ ಕೇಳದವರ ನಗುವಿಗೆ ಲಗಾಮಿಲ್ಲ. ಎಷ್ಟು ಜೋರಾಯಿತೆಂದು ನಗುವವರಿಗೆ ಗೊತ್ತಿರುವುದಿಲ್ಲ. ಚಿಕ್ಕವಳಿದ್ದಾಗ ಬಸ್ಸಿನಲ್ಲಿ ಅಮ್ಮ ಹೀಗೆ ನಕ್ಕರೆ ಮಗಳು ನಾಚಿಕೆಯಿಂದ ಕಿಟಕಿಯ ಹೊರಗೆ ನೋಡುತ್ತಿದ್ದಳು. ಇವತ್ತು ನಾಚಿಕೆಯಾಗಲಿಲ್ಲ, ಆ ನಗುವನ್ನು ದಾಟಿಸಬೇಕಾಗಿಯೂ ಇರಲಿಲ್ಲ. ಅದು ಗೋಡೆಯಿಂದ ಗೋಡೆಗೆ ಬಡಿದು ಕೊನೆಯ ಸಾಲಿನವರೆಗೂ ಹೋಯಿತು. ಬೆಂಚಿನಲ್ಲಿ ಉಳಿದ ಏಳು ಜನಕ್ಕೂ ನಗು ಹತ್ತಿಕೊಂಡಿತು. ಮುನ್ನೂರು ಜನರಲ್ಲಿ ಮೊದಲು ಅಂಚೆಯವರು ಕಣ್ಣು ಬಿಟ್ಟರು, ಆಮೇಲೆ ಅವರ ಪಕ್ಕದವರು, ಆಮೇಲೆ ಅಲ್ಲೊಬ್ಬರು ಇಲ್ಲೊಬ್ಬರು. ಮೇಲ್ವಿಚಾರಕಿ ಕಿವಿ ಮುಚ್ಚಿಕೊಂಡು ನಿಂತಿರುವುದನ್ನು ಅವರೆಲ್ಲಾ ನೋಡಿದರು.

ದೊಡ್ಡವರು ತಡವಾಗಿ ಎರಡನೆಯ ಗಂಟೆ ಬಾರಿಸಿದರು. ಬಾರಿಸುವ ಮೊದಲೇ ಅರ್ಧ ಸಭೆ ಕಣ್ಣು ತೆರೆದಾಗಿತ್ತು. ದನಿಯಲ್ಲಿ ಬೆಣ್ಣೆ ಇನ್ನೂ ಇತ್ತು, ಒಳಗೆ ಕಲ್ಲೂ ಇತ್ತು.

“ನಿನ್ನ ನಂಬಿದ್ದೆನಮ್ಮ. ಮುಂದಿನ ವಾರದಿಂದ ನೀನು ಬರಬೇಡ. ಈ ಸಭೆಗೆ ದುಭಾಷಿ ಬೇಕಾಗಿಲ್ಲ.”

ಆ ಮಾತು ಅವಳಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಮೂರು ವರ್ಷ ಈ ದನಿಯನ್ನೇ ಅವಳು ನೆಚ್ಚಿಕೊಂಡಿದ್ದಳು. ಆದರೂ ಬೆಂಚಿನ ಕಡೆ ತಿರುಗಿ, ಒಂದು ಸೊಲ್ಲನ್ನೂ ನುಂಗದೆ, ನಂಬಿದ್ದೆ ಅಂದದ್ದರಿಂದ ಹಿಡಿದು ಬೇಕಾಗಿಲ್ಲ ಅಂದದ್ದರವರೆಗೆ ಎಲ್ಲವನ್ನೂ ಅಮ್ಮನಿಗೆ ಹೇಳಿದಳು. ಅಮ್ಮ ಹೆಗಲು ಕುಣಿಸಿದಳು. ನನ್ನದು ಮುಗಿಯಿತು, ಇದು ನಿನಗೆ ಬಂದದ್ದು, ನೀನೇ ಇಟ್ಟುಕೋ ಅಥವಾ ವಾಪಸು ಕೊಡು ಎಂದು ಹೇಳಿ, ಹೋಗಿ ಬೆಂಚಿನ ಮೇಲೆ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಳು.

ಬಾಗಿಲು ಒಬ್ಬಳೇ ನಿಂತಳು. ಎದುರಿಗೆ ದಾಟಿಸಲು ಯಾರ ಕೈಯೂ ಇರಲಿಲ್ಲ, ಯಾರ ಮಾತೂ ಇರಲಿಲ್ಲ. ದೊಡ್ಡವರ ಮುಖವನ್ನೇ ನೋಡಿದಳು. ಅವರು ಕಣ್ಣು ತಪ್ಪಿಸಿ ಗಂಟೆಯ ಕಡೆ ನೋಡಿದರು.

“ಇಲ್ಲೀವರೆಗೂ ಮಾತಾಡಿದ್ದು ನಮ್ಮಮ್ಮ,” ಅಂದಳು. “ಇದು ನನ್ನ ಮಾತು. ಮುಂದಿನ ವಾರ ನಾನು ಬರ್ತೀನಿ. ಕೆಲಸಕ್ಕಲ್ಲ, ಬೆಂಚಲ್ಲಿ ಕೂರೋಕೆ. ನೀವು ಗಂಟೆ ಹೊಡೀರಿ. ನಾನು ಕಣ್ಣು ಬಿಟ್ಕೊಂಡೇ ಕೂತಿರ್ತೀನಿ.”

ಅದನ್ನೇ ಬೆಂಚಿನ ಕಡೆ ತಿರುಗಿ ಕೈಯಲ್ಲೂ ಹೇಳಿದಳು. ಕೈ ನಡುಗಲಿಲ್ಲ. ಕೊನೆಯಲ್ಲಿ, ಈ ಮಾತು ಯಾರಿಗೆ ಹೇಳಿದ್ದೆಂದು ತಿಳಿಯಲಿ ಎಂದು ಅವರ ಹೆಸರನ್ನೂ ಸೇರಿಸಿದಳು: ಎಡ ಮಣಿಕಟ್ಟಿನ ಮೇಲೆ ಎರಡು ಸಲ ತಟ್ಟಿದಳು. ಅದೇನೆಂದು ಹಿಂದಿನ ಸಾಲುಗಳಲ್ಲಿ ಯಾರಿಗೂ ಅರ್ಥವಾಗಲಿಲ್ಲ. ದೊಡ್ಡವರಿಗೆ ಅರ್ಥವಾಯಿತು. ಅವರು ಅಂಗಿಯ ಎಡ ತೋಳನ್ನು ಬೆರಳ ತುದಿಯವರೆಗೂ ಎಳೆದುಕೊಂಡರು.